ಕೈಗಿಂತ ಬಾಯಿಯ ಭಯ ಜಾಸ್ತಿ

ಪ್ರೀತಿಯ ಪುಟ್ಟಿ,

ಕಂಪನಿಗಳ ವಿಲೀನ ನೋಡಿಕೊಳ್ಳುವ ತಂಡಕ್ಕೆ ಸೇರಿದ್ದು ತಿಳಿದು ಖುಷಿಯಾಯಿತು. ಇನ್‌ಸೈಡರ್ ಟ್ರೇಡಿಂಗ್ ಬಗ್ಗೆ ದಪ್ಪನೆಯ ಪಾಲಿಸಿ ಕೊಟ್ಟು ಸಹಿ ಹಾಕಿಸಿಕೊಂಡಿರುತ್ತಾರೆ. ಓದದೆ ಸಹಿ ಹಾಕುವವರೇ ಜಾಸ್ತಿ, ಅದಕ್ಕೇ ಈ ಪತ್ರ.

ಒಳಗಿನವರು ಷೇರು ಮುಟ್ಟಲೇಬಾರದು ಅಂತೇನಿಲ್ಲ. ನಿರ್ದೇಶಕರೂ ನಿಯಮದಂತೆ ತಿಳಿಸಿ ತಮ್ಮ ಕಂಪನಿಯ ಷೇರು ಕೊಳ್ಳಬಹುದು, ಮಾರಬಹುದು. ಇನ್ನೂ ಹೊರಬರದ, ಬಂದರೆ ಬೆಲೆಯನ್ನೇ ಅಲುಗಾಡಿಸುವ ಸುದ್ದಿ ಇಟ್ಟುಕೊಂಡು, ಅದನ್ನು ಗುಟ್ಟಾಗಿಡಬೇಕಾದವರೇ ವ್ಯಾಪಾರಕ್ಕಿಳಿದರೆ ಅದು ತಪ್ಪು, ಅದೇ ಇನ್‌ಸೈಡರ್ ಟ್ರೇಡಿಂಗ್. ಲಾಭ ಮಾಡಿದರೂ ಅಷ್ಟೇ, ನಷ್ಟ ತಪ್ಪಿಸಿಕೊಂಡರೂ ಅಷ್ಟೇ. ಎದುರಿಗೆ ಷೇರು ಮಾರಿದವನಿಗೆ ಆ ಸುದ್ದಿಯ ಸುಳಿವೇ ಇರುವುದಿಲ್ಲ, ಅಲ್ವಾ?

ನೀನು ಕದ್ದು ಷೇರು ಕೊಳ್ಳುತ್ತೀಯ ಅನ್ನೋ ಭಯ ನನಗಿಲ್ಲ. ಭಯ ಇರುವುದು ಮಾತಿನದು. ರಜತ್ ಗುಪ್ತಾ ಕಥೆ ನೋಡು. 2008ರ ಸೆಪ್ಟೆಂಬರ್‌ನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿಗೆ ವಾರೆನ್ ಬಫೆಟ್ ಅವರ ಕಂಪನಿ 500 ಕೋಟಿ ಡಾಲರ್ ಹಾಕಲಿದೆ ಅಂತ ನಿರ್ದೇಶಕರಿಗೆ ಫೋನ್ ಸಭೆಯಲ್ಲಿ ತಿಳಿಯಿತು. ಗುಪ್ತಾ ಅವರಲ್ಲೊಬ್ಬರು. ಸಭೆ ಮುಗಿದು ಒಂದು ನಿಮಿಷವೂ ಆಗಿಲ್ಲ, ಶ್ರೀಮಂತರ ದುಡ್ಡು ಹೂಡುವ ಹೆಡ್ಜ್ ಫಂಡ್ ನಡೆಸುತ್ತಿದ್ದ ರಾಜ್ ರಾಜರತ್ನಂಗೆ ಅವರಿಂದ ಕರೆ ಹೋಯಿತು. ಮಾರುಕಟ್ಟೆ ಮುಚ್ಚುವುದಕ್ಕೆ ಕೆಲವೇ ನಿಮಿಷ ಇತ್ತು. ಅಷ್ಟರಲ್ಲೇ ಆ ಫಂಡ್ ಷೇರು ಕೊಂಡಿತು. ಗುಪ್ತಾ ಸ್ವತಃ ಷೇರು ಕೊಂಡರು ಅನ್ನೋ ಆರೋಪವೇ ಇರಲಿಲ್ಲ. ಆದರೂ 2012ರಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು. ರಾಜರತ್ನಂಗೆ ಅದರ ಹಿಂದಿನ ವರ್ಷವೇ ಹನ್ನೊಂದು ವರ್ಷ. ಫೋನಿನಲ್ಲಿ ಏನು ಮಾತಾಡಿದರು ಅನ್ನೋದಕ್ಕೆ ಆ ಕರೆಯ ರೆಕಾರ್ಡಿಂಗ್ ಕೂಡ ಇರಲಿಲ್ಲ. ಕರೆಯ ಹೊತ್ತು, ಷೇರು ಕೊಂಡ ಹೊತ್ತು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಬಹಳಷ್ಟು ಗೊತ್ತಾಯಿತು.

ತನಿಖೆಯವರು ಬಂದು ಕೇಳಿದರೆ ಸುಳ್ಳಂತೂ ಹೇಳಲೇಬೇಡ. ಅಮೆರಿಕದ ಟಿವಿ ತಾರೆ, ಉದ್ಯಮಿ ಮಾರ್ಥಾ ಸ್ಟೀವರ್ಟ್ 2001ರಲ್ಲಿ ಷೇರು ಮಾರಿ ತಪ್ಪಿಸಿಕೊಂಡ ನಷ್ಟ ಸುಮಾರು 45,000 ಡಾಲರ್. ಅವರಂಥ ಶ್ರೀಮಂತೆಗೆ ಅದೊಂದು ದುಡ್ಡೇ ಅಲ್ಲ. ಜೈಲಿಗೆ ಹೋಗಿದ್ದು ಆಮೇಲೆ ತನಿಖೆಗೆ ಅಡ್ಡಿ ಮಾಡಿ, ಸುಳ್ಳು ಹೇಳಿದ್ದಕ್ಕೆ.

ಇನ್ನು ನಿನ್ನ ದಿನನಿತ್ಯದ ಮಾತು. ಲಿಫ್ಟಿನಲ್ಲಿ ಡೀಲಿನ ಹೆಸರೆತ್ತಬೇಡ. ಸ್ನೇಹಿತರು 'ಆ ಷೇರು ತಗೊಳ್ಳಲಾ?' ಅಂತ ಸುಮ್ನೆ ಕೇಳುತ್ತಾರೆ. 'ಒಂದು ವಾರ ತಡಿ' ಅಂದರೂ ಅದು ಟಿಪ್, ಅಂದರೆ ಒಳಗಿನ ಸುದ್ದಿಯ ಸುಳಿವು, ಆಗಿಬಿಡಬಹುದು. 'ಷೇರಿನ ವಿಷಯ ನನ್ನ ಹತ್ತಿರ ಬೇಡ' ಅನ್ನು. ಏನೂ ಗೊತ್ತಿಲ್ಲದ ಕಂಪನಿಯ ಬಗ್ಗೆ ಕೇಳಿದರೂ ಇದನ್ನೇ ಹೇಳು. ಗೊತ್ತಿದ್ದಾಗ ಮಾತ್ರ ಬಾಯಿ ಮುಚ್ಚಿಕೊಂಡರೆ, ನೀನು ಮುಚ್ಚಿಕೊಂಡಿದ್ದರಿಂದಲೇ ಜನ ಊಹಿಸುತ್ತಾರೆ. ನಾನು ಕೇಳಿದರೂ ಇದೇ ಉತ್ತರ ಕೊಡು, ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನ್ನ ದೊಡ್ಡಪ್ಪ