ಉಣ್ಣುವ ಮೊದಲು ಮೂಸು

ಶಿರಸಿ

ಚಿ. ಸುಬ್ರಾಯನಿಗೆ ದೊಡ್ಡಪ್ಪನ ಆಶೀರ್ವಾದಗಳು.

ತಮ್ಮಾ, ಊಟವಾದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು ಎಂದು ಬರೆದಿದ್ದೀಯೆ. ಮಾತ್ರೆಯ ವಿಚಾರ ಆಮೇಲೆ, ಮೊದಲು ಉಣ್ಣುವ ರೀತಿ ಸರಿಯಾಗಲಿ. ಎಡಗೈಯಲ್ಲಿ ಮೊಬೈಲು ಹಿಡಿದು, ಮುಚ್ಚಳ ಅರ್ಧ ತೆಗೆದ ಡಬ್ಬಿಯಿಂದಲೇ ಏಳೆಂಟು ನಿಮಿಷದಲ್ಲಿ ಉಂಡು ಮುಗಿಸಿದರೆ, ಅನ್ನ ಬರುತ್ತಿದೆ ಎಂಬ ಸುದ್ದಿ ಜಠರಕ್ಕೆ ಸರಿಯಾಗಿ ಮುಟ್ಟುವುದೇ ಇಲ್ಲ.

ಆ ಸುದ್ದಿ ಕೊಡುವುದು ಕಣ್ಣು, ಮೂಗು, ನಾಲಿಗೆ. ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರೂರುವಾಗಲೇ, ಮಿದುಳಿನಿಂದ ಇಳಿಯುವ ವೇಗಸ್ ನರದ ಮೂಲಕ ಜಠರಕ್ಕೂ ಮೇದೋಜ್ಜೀರಕ ಗ್ರಂಥಿಗೂ ಅಪ್ಪಣೆ ಹೋಗುತ್ತದೆ. ಒಂದು ಊಟಕ್ಕೆ ಸುರಿಯುವ ಜಠರರಸದಲ್ಲಿ ಸುಮಾರು ಶೇ. 30 ಭಾಗ ಹೀಗೆ ನೋಡಿ, ಮೂಸಿ, ಅಗಿದುದರಿಂದಲೇ ಬರುವಂಥದ್ದು. ರಷ್ಯದ ವಿಜ್ಞಾನಿ ಪಾವ್ಲೋವ್ ಅವರು ನಾಯಿಯ ಅನ್ನನಾಳವನ್ನು ಕತ್ತಿನ ಹತ್ತಿರ ಹೊರಕ್ಕೆ ತೆರೆದು, ತಿಂದದ್ದು ಹೊಟ್ಟೆ ಸೇರದಂತೆ ಮಾಡಿದ್ದರು. ಆದರೂ ಜಠರರಸ ಹರಿಯಿತು. ವೇಗಸ್ ನರ ಕತ್ತರಿಸಿದ ಮೇಲೆ ನಿಂತಿತು. ಜೀರ್ಣಕ್ರಿಯೆಯ ಮೇಲಿನ ಇಂಥ ಕೆಲಸಕ್ಕೇ 1904ರಲ್ಲಿ ಅವರಿಗೆ ನೊಬೆಲ್ ಬಂತು. ಮನಸ್ಸು ಆಫೀಸಿನ ಜಗಳದಲ್ಲಿದ್ದರೆ ಬಾಯಿ ಒಣಗುತ್ತದೆ, ಒಳಗಿನ ಅಪ್ಪಣೆಯೂ ಸೊರಗುತ್ತದೆ.

ಡಬ್ಬಿಯದ್ದನ್ನು ಬಿಸಿ ಮಾಡಿ ತಟ್ಟೆಗೆ ಬಡಿಸಿಕೊ. ಪರಿಮಳ ಏಳುವುದು ಬಿಸಿಯಿಂದ. ತುತ್ತು ಚಿಕ್ಕದಿರಲಿ. 20-25 ಸಲ ಅಗಿ, ಅಗಿಯುವಾಗ ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು ಬಿಡು. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಅದಕ್ಕೇ. ಅನ್ನದ ಪಿಷ್ಟ ಒಡೆಯುವ ಅಮೈಲೇಸ್ ಜೊಲ್ಲಿನಲ್ಲೇ ಇದೆ. ಗಬಗಬ ನುಂಗಿದರೆ ಅದು ಬೆರೆಯುವುದಿಲ್ಲ, ಜೊತೆಗೆ ಗಾಳಿಯೂ ಒಳಹೋಗಿ ತೇಗಾಗುತ್ತದೆ. ಊಟಕ್ಕೆ ಮೊದಲು ಕವಳ (ಎಲೆ-ಅಡಿಕೆ) ಹಾಕಬೇಡ, ಸುಣ್ಣ-ಹೊಗೆಸೊಪ್ಪು ನಾಲಿಗೆ ಕೆಡಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ಚೂಯಿಂಗ್ ಗಮ್ಮೂ ಬೇಡ: ಅನ್ನವಿಲ್ಲದೆ ಬರಿ ಆಮ್ಲ ಸುರಿಸುತ್ತದೆ.

ನಮ್ಮ ಕಡೆ ಮೊದಲ ಅನ್ನಕ್ಕೆ ತಂಬುಳಿ ಬಡಿಸುವುದು ಬಹಳ ಒಳ್ಳೆಯ ಕ್ರಮ. ನಾಲಿಗೆಗೆ ತಾಗಿದೊಡನೆ ಜೊಲ್ಲು ತರಿಸುವುದರಲ್ಲಿ ಹುಳಿಯನ್ನು ಮೀರಿಸುವ ರುಚಿಯಿಲ್ಲ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸು. ಕಾಲು ಕಪ್ ಕಾಯಿತುರಿ ಹಾಕಿ ನುಣ್ಣಗೆ ಬೀಸಿ, ಒಂದು ಕಪ್ ಮಜ್ಜಿಗೆ, ಉಪ್ಪು ಸೇರಿಸು. ನಿನಗೆ ಹುಳಿತೇಗು ಇರುವುದರಿಂದ ಅಂದಿನ ತಾಜಾ ಮಜ್ಜಿಗೆಯೇ ಆಗಲಿ. ಕುದಿಸಬೇಡ, ಒಡೆಯುತ್ತದೆ. ಸಾಸಿವೆ-ಒಣಮೆಣಸಿನ ಒಗ್ಗರಣೆ ಮಾತ್ರ ಊಟಕ್ಕೆ ಕೂರುವ ಹೊತ್ತಿಗೇ ಹಾಕು, ಘಮ ಹಾರಿಹೋಗಬಾರದು. ಒಂದೆಲಗ ಸಿಗದಿದ್ದರೆ ಶುಂಠಿ ಸಾಕು.

ಎರಡು ವಾರ ಹೀಗೆ ಮಾಡಿ ಬರೆ. ಮಲ ಕಪ್ಪಾದರೆ, ನುಂಗಲು ತಡೆದರೆ, ತೂಕ ಇಳಿದರೆ ಎರಡು ವಾರ ಕಾಯಬೇಡ, ಅಂದೇ ಡಾಕ್ಟರ ಹತ್ತಿರ ಹೋಗು.

ಇಂತಿ,
ದೊಡ್ಡಪ್ಪ