ಸನ್ನದು ಸಿಕ್ಕಿತು, ಫೋಟೋದಲ್ಲಿ ಇಲ್ಲದವರಿಗೆ ಥ್ಯಾಂಕ್ಸ್

ಕಳೆದ ವಾರ ರಾಜ್ಯ ವಕೀಲರ ಪರಿಷತ್ತಿನಿಂದ ನನಗೆ ಸನ್ನದು, ಅಂದರೆ ವಕೀಲಿಕೆ ಮಾಡಲು ಅನುಮತಿ ಪತ್ರ, ಸಿಕ್ಕಿತು. ಕಪ್ಪು ಕೋಟಿನ ಫೋಟೋ ನೋಡಿ ಎಷ್ಟೊಂದು ಜನ ಶುಭಾಶಯ ಹೇಳಿದಿರಿ, ತುಂಬಾ ಖುಷಿಯಾಯಿತು. ಆದರೆ ಆ ಫೋಟೋದಲ್ಲಿ ಇಲ್ಲದ ಮೂವರ ಬಗ್ಗೆ ಬರೆಯಲೇಬೇಕು.

ಮೂರು ವರ್ಷದ ಕಾನೂನು ಕೋರ್ಸಿನವರು ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದರಲ್ಲಿ ನಾಲ್ಕು ವಾರ ನಾನು ಉಡುಪಿಯ ಒಬ್ಬರು ವಕೀಲೆ ಮೇಡಂ ಆಫೀಸಿನಲ್ಲಿದ್ದೆ. ಕರಾವಳಿಯ ಬುಡಕಟ್ಟಾದ ಕೊರಗ ಸಮುದಾಯದವರ ಜಾಗದ ಹಕ್ಕುಪತ್ರ, ಜಾತಿ ಸರ್ಟಿಫಿಕೇಟ್, ಪಿಂಚಣಿ ಇಂಥ ಕೆಲಸಕ್ಕೆ ಅವರು ಫೀಸು ತೆಗೆದುಕೊಳ್ಳುವುದಿಲ್ಲ. ನನಗೆ ಮಾತ್ರ ಬಸ್ಸಿನ ಹಣ, ಮಧ್ಯಾಹ್ನದ ಊಟ ಒಂದು ದಿನವೂ ತಪ್ಪಿಸಲಿಲ್ಲ. ಥ್ಯಾಂಕ್ಯೂ ಮೇಡಂ.

ಎರಡನೇ ವಾರ, ಜೋರು ಮಳೆಯಲ್ಲಿ ಬುಟ್ಟಿ ನೇಯುವ ಒಬ್ಬರು ಕೊರಗ ಸಮುದಾಯದ ಅಜ್ಜಿಯ ಮನೆಗೆ ಹೋದೆವು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧಿಸುವ ಕಾನೂನು 2000ದಲ್ಲೇ ಬಂದಿದೆ ಅಂತ ಪರೀಕ್ಷೆಗೆ ಓದಿದ್ದೆ, ಅಷ್ಟೇ. ತಾನು ಚಿಕ್ಕವಳಿದ್ದಾಗ ಆ ಪದ್ಧತಿಯ ಹೆಸರಲ್ಲಿ ಬೇರೆಯವರು ತನ್ನ ಮನೆಯವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದದ್ದನ್ನು ಅಜ್ಜಿ ತುಳುವಿನಲ್ಲಿ ಹೇಳುತ್ತಾ ಹೋದಾಗ ನನಗೆ ಮುಂದೆ ಬರೆಯಲು ಆಗಲಿಲ್ಲ. ಅಜ್ಜಿಯೇ "ಬರಿ ಮಗಾ, ಬರಿ" ಅಂದರು.

ಅವರ ಹಕ್ಕುಪತ್ರದ ಅರ್ಜಿಗೆ ವರ್ಷಗಳಿಂದ ಉತ್ತರವೇ ಇರಲಿಲ್ಲ. ನಾನು ಹೊಸದಾಗಿ ಅರ್ಜಿ ಬರೆದು, "ಬಡವರಾದ ನಮ್ಮ ಮೇಲೆ ದಯೆ ತೋರಿ" ಅಂತ ಮುಗಿಸಿ, ಜೋರಾಗಿ ಓದಿ ಹೇಳಿದೆ. ಅಜ್ಜಿ ತಡೆದರು. "ದಯೆ ಯಾಕೆ? ನನ್ನ ಕಾಗದ ಎಲ್ಲಿ ಉಂಟು ಅಂತ ಕೇಳು." ಆ ಸಾಲು ಹೊಡೆದು ಹಾಕಿದೆ. ಆಮೇಲೆ ನಾನು ಬರೆದ ಯಾವ ಅರ್ಜಿಯಲ್ಲೂ ಆ ಮಾತು ಬಂದಿಲ್ಲ. ಅಜ್ಜೀ, ಇದನ್ನು ಯಾರಾದರೂ ನಿಮಗೆ ಓದಿ ಹೇಳಲಿ ಅಂತ ಆಸೆ.

ಕಾಗದ ಎಲ್ಲಿದೆ ಅಂತ ಕೇಳುವ ದಾರಿ ತೋರಿಸಿದ್ದು ಆಫೀಸಿನ ಗುಮಾಸ್ತಣ್ಣ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ಟರೆ 10 ರೂಪಾಯಿ ಶುಲ್ಕವೂ ಬೇಡ ಅನ್ನುವುದು, ಸ್ವೀಕೃತಿ ಸೀಲು ಹಾಕಿಸದೆ ಕೌಂಟರ್ ಬಿಟ್ಟು ಕದಲಬಾರದು ಅನ್ನುವುದು ಎಲ್ಲ ಅವರೇ ಕಲಿಸಿದ್ದು, ಅದೂ ಒಂದು ಸಲವೂ ರೇಗದೆ. 30 ದಿನದೊಳಗೆ ಉತ್ತರ ಬಂತು. ಕಡತದಲ್ಲಿ ಸರ್ವೆ ನಕ್ಷೆ ಒಂದೇ ಇರಲಿಲ್ಲ. ಅಷ್ಟು ವರ್ಷ ಅದನ್ನು ಯಾರೂ ಅಜ್ಜಿಗೆ ಹೇಳಿರಲಿಲ್ಲ, ನೋಡಿ.

ಜೂನಿಯರ್‌ಗಳೇ, ನಾಲ್ಕು ವಾರ ಇಂಥ ಕಡೆ ಹೋಗಿ. ಯಾರಾದರೂ ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ 15100 ನಂಬರ್ ಕೊಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯ ನೋಡುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ ಅಲ್ವಾ?

ನಕ್ಷೆ ಈಗ ಕಡತ ಸೇರಿದೆ, ಹಕ್ಕುಪತ್ರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ವಿಚಾರಿಸಲು ಹೋಗುತ್ತಿದ್ದೇನೆ. ಅಜ್ಜಿಯೂ ಬರುತ್ತಾರಂತೆ.