ಅವಳಿ ಮಕ್ಕಳ ಫೋಟೊ ತೋರಿಸಿ ಆಸೆ ಹುಟ್ಟಿಸಬೇಡಿ

ಸಂಪಾದಕರೇ,

ಶಿವಮೊಗ್ಗದಲ್ಲಿ ಬಸ್ ಇಳಿದರೆ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಜಾಹೀರಾತು ಕಣ್ಣಿಗೆ ಬೀಳುತ್ತದೆ. ಫೋಟೊದಲ್ಲಿ ಎಷ್ಟೋ ಸಲ ಮಕ್ಕಳು ಇಬ್ಬರು. ಗುಂಡುಗುಂಡಗೆ ನಗುತ್ತಿರುತ್ತಾರೆ. ವರ್ಷಗಟ್ಟಲೆ ಕಾದವರಿಗೆ ಒಂದೇ ಖರ್ಚಿಗೆ ಎರಡಾದರೆ ಮುಗಿದೇ ಹೋಯ್ತಲ್ಲ ಅನ್ನಿಸುವುದು ಸಹಜ ಅಲ್ವಾ?

ನನ್ನ ನಾದಿನಿಗೆ ಎರಡು ಭ್ರೂಣ ಹಾಕಿದರು, ಎರಡೂ ನಿಂತವು. 32ನೇ ವಾರಕ್ಕೆ ಬಿಪಿ ಏರಿ ಆಪರೇಷನ್ ಮಾಡಬೇಕಾಯ್ತು. ಒಂದು ಮಗು 1.4 ಕೆಜಿ, ಇನ್ನೊಂದು ಅದಕ್ಕಿಂತ ಕಮ್ಮಿ. ಚೀಪುವ ಶಕ್ತಿ ಇಲ್ಲ. ಹಿಂಡಿದ ಹಾಲನ್ನು ಮೊದಲು ಮೂಗಿನ ಪೈಪ್‌ನಲ್ಲಿ, ಆಮೇಲೆ ಒಳಲೆಯಲ್ಲಿ ಹನಿಹನಿಯಾಗಿ ಕೊಟ್ಟರು. ಹೊಲಿಗೆ ಇನ್ನೂ ಹಸಿ ಇರುವಾಗಲೇ ಬಾಣಂತಿ ಎರಡೆರಡು ಗಂಟೆಗೊಮ್ಮೆ ಎದ್ದು ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ) ನಡೆಯಬೇಕಿತ್ತು. ಅತ್ತೆ ಕಟ್ಟಿಟ್ಟ ಅಂಟಿನುಂಡೆ ಡಬ್ಬಿಯಲ್ಲೇ ಉಳಿಯಿತು. ಎನ್‌ಐಸಿಯು ಬಿಲ್ಲನ್ನು ಐವಿಎಫ್ ಲೆಕ್ಕದಲ್ಲಿ ಮೊದಲೇ ಯಾರೂ ಹೇಳಿರಲಿಲ್ಲ. ನಮ್ಮ ಮನೆ ಪೇಟೆಯಲ್ಲಿದೆ, ಸರಿ. ಹೊಸನಗರದ ಒಳಗಿನ ಹಳ್ಳಿಯಲ್ಲಿ ಮಳೆಗಾಲದ ರಾತ್ರಿ ನೋವು ಶುರುವಾಗಿ, ಮಣಿಪಾಲಕ್ಕೆ ಹೋಗಿ ಅಂದಾಗ ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದ್ದರೆ ಗತಿ ಏನು?

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಗೂ ಬಿಪಿ, ಸಕ್ಕರೆ, ಹೆರಿಗೆಯಾದ ಮೇಲಿನ ರಕ್ತಸ್ರಾವದ ಅಪಾಯ ಹೆಚ್ಚು. ಇದಕ್ಕೆ ದಾರಿ ಇದೆ. ಸಲಕ್ಕೆ ಒಂದೇ ಭ್ರೂಣ ಹಾಕಿ ಉಳಿದದ್ದನ್ನು ಫ್ರೀಜ್ ಮಾಡಿಡುವುದು, ಮೊದಲನೆಯದು ನಿಲ್ಲದಿದ್ದರೆ ಇನ್ನೊಂದು ಹಾಕುವುದು. 36 ವರ್ಷದೊಳಗಿನವರ ಮೇಲೆ ಸ್ಕ್ಯಾಂಡಿನೇವಿಯಾದಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯ್ತು. ಎರಡು ಒಟ್ಟಿಗೆ ಹಾಕಿಸಿಕೊಂಡವರಲ್ಲಿ ಸುಮಾರು ಶೇ 43 ಮಂದಿಗೆ ಮಗುವಾಗಿತ್ತು, ಒಂದೊಂದಾಗಿ ಹಾಕಿಸಿಕೊಂಡವರಲ್ಲಿ ಶೇ 39. ಆದರೆ ಆ ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ 33, ಎರಡನೆಯದರಲ್ಲಿ ಶೇ 1ಕ್ಕೂ ಕಮ್ಮಿ! ವಯಸ್ಸು ಜಾಸ್ತಿಯಾದವರ ವಿಷಯ ಬೇರೆ, ಅದನ್ನು ಡಾಕ್ಟರೇ ನೋಡಿ ಹೇಳಬೇಕು.

ಅಡಿಕೆ ಮಾರಿದ ದುಡ್ಡೋ ಸೊಸೈಟಿ ಸಾಲವೋ ತಂದು ಕಟ್ಟಿದವರು "ಇನ್ನೊಂದು ಸಲ ಬನ್ನಿ" ಅಂದರೆ ಹೆದರುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ಬೆಲ್ಜಿಯಂ 2003ರಲ್ಲಿ ಆರು ಸಲದವರೆಗೆ ಲ್ಯಾಬ್ ಖರ್ಚು ತಾನೇ ಕೊಡಲು ಶುರು ಮಾಡಿ, ಜೊತೆಗೆ ಭ್ರೂಣದ ಸಂಖ್ಯೆಗೆ ಮಿತಿ ಹಾಕಿತು. ನಮ್ಮಲ್ಲೂ ಬಾಡಿಗೆ ತಾಯಿಗೆ ಸಲಕ್ಕೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ ಅಂತ 2022ರ ನಿಯಮ ಇದೆ. ಸರ್ಕಾರ ಐವಿಎಫ್‌ಗೆ ಸಹಾಯ ಮಾಡುವುದಾದರೆ ಬೆಲ್ಜಿಯಂ ಥರ ಮಾಡಲಿ.

ಅಲ್ಲಿಯವರೆಗೆ ಆಸ್ಪತ್ರೆಯವರು ಸುಮ್ನೆ "ಯಶಸ್ಸು ಇಷ್ಟು ಪರ್ಸೆಂಟ್" ಅನ್ನುವುದರ ಜೊತೆಗೆ ಎಷ್ಟು ಅವಳಿ, ಎಷ್ಟು ಮಕ್ಕಳು ದಿನ ತುಂಬಿ ಹುಟ್ಟಿದವು ಅಂತಲೂ ಬೋರ್ಡಿಗೆ ಹಾಕಲಿ. ಗಂಡ ಹೆಂಡತಿ ಜೊತೆ ಮನೆಯ ಹಿರಿಯರನ್ನೂ ಕೂರಿಸಿ ಹೇಳಲಿ. ನಮ್ಮ ಕಡೆ "ಎರಡೇ ಆಗಲಿ ಬಿಡಿ" ಅನ್ನುವವರು ಹೆಚ್ಚಾಗಿ ಅವರೇ.

– ಒಬ್ಬ ಓದುಗಿ, ಶಿವಮೊಗ್ಗ